ಜಿಎನ್‌ಎಂ ಓದಿದ ನರ್ಸ್ ವಿದೇಶಕ್ಕೆ ಹೋಗಬಹುದಾ? ಕೇರ್ ವೀಸಾಗೆ 8 ಲಕ್ಷ ಕೊಡಬೇಕಾ?

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನವಳು, ವಯಸ್ಸು 31. ಪಿಯುಸಿ ಆದಮೇಲೆ ಚಿತ್ರದುರ್ಗದಲ್ಲಿ ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂ ಮುಗಿಸಿ, ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಮಗು ಆದಮೇಲೆ ಎರಡು ವರ್ಷ ಮನೆಯಲ್ಲಿದ್ದೆ. ಈಗ ಒಂದು ನರ್ಸಿಂಗ್ ಹೋಂನಲ್ಲಿ ನೈಟ್ ಡ್ಯೂಟಿ. ಕೈಗೆ 15 ಸಾವಿರ ಬರುತ್ತದೆ. ವೃದ್ಧರನ್ನು, ರೋಗಿಗಳನ್ನು ನೋಡಿಕೊಳ್ಳುವ ಕೆಲಸದ ಯುಕೆ ಕೇರ್ ವೀಸಾ ಮಾಡಿಸಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ 8 ಲಕ್ಷ ಕೇಳುತ್ತಿದ್ದಾರೆ. ಇಂಗ್ಲಿಷ್ ಪರೀಕ್ಷೆ ಬೇಡವಂತೆ, ಅಲ್ಲಿ ಒಂದು ವರ್ಷ ಕೇರರ್ ಆಗಿದ್ದರೆ ತಾನಾಗೇ ನರ್ಸ್ ಆಗಬಹುದಂತೆ. 50 ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ. ಜೊತೆಗೆ ಕೆಲಸ ಮಾಡಿದ ಕೇರಳದ ಗೆಳತಿ ಜರ್ಮನಿಗೆ ಹೋಗು ಅನ್ನುತ್ತಾಳೆ. ಇನ್ನೊಬ್ಬರು, ಜಿಎನ್‌ಎಂಗೆ ಹೊರಗಡೆ ಬೆಲೆ ಇಲ್ಲ, ಮೊದಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡು ಅನ್ನುತ್ತಾರೆ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರಿದೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದಿದೆ. ಏನು ಮಾಡಲಿ? ಕೊಟ್ಟ ಅಡ್ವಾನ್ಸ್ ವಾಪಸ್ ಬರುತ್ತಾ?

ಉತ್ತರ: ಮೊದಲು ಆ 8 ಲಕ್ಷದ ವಿಷಯ ಮುಗಿಸೋಣ. ಕೊಡಬೇಡಿ. ಇನ್ನೊಂದು ರೂಪಾಯಿಯನ್ನೂ ಕೊಡಬೇಡಿ.

ಕಾರಣ ಸರಳ. ಅವರು ಮಾರುತ್ತಿರುವ ವಸ್ತುವೇ ಈಗ ಇಲ್ಲ. ಕೇರ್ ವರ್ಕರ್ ಮತ್ತು ಸೀನಿಯರ್ ಕೇರ್ ವರ್ಕರ್ ಕೆಲಸಕ್ಕೆ ಹೊರದೇಶಗಳಿಂದ ಹೊಸಬರನ್ನು ಕರೆಸಿಕೊಳ್ಳುವುದನ್ನು ಬ್ರಿಟನ್ 2025ರ ಜುಲೈ 22ಕ್ಕೆ ನಿಲ್ಲಿಸಿತು. ಆಗಲೇ ಅಲ್ಲಿರುವ ಕೆಲವರಿಗೆ ಮಾತ್ರ ವೀಸಾ ಬದಲಿಸಿಕೊಳ್ಳಲು 2028ರ ಜುಲೈವರೆಗೆ ಅವಕಾಶ ಬಿಟ್ಟಿದ್ದಾರೆ. ಹೊಳಲ್ಕೆರೆಯಲ್ಲಿರುವ ನಿಮಗೆ ಅದು ಅನ್ವಯಿಸುವುದಿಲ್ಲ. ಅದಕ್ಕೂ ಮುಂಚೆಯೇ, 2024ರ ಮಾರ್ಚ್ 11ರಿಂದ, ಹೊಸದಾಗಿ ಹೋಗುವ ಕೇರ್ ವರ್ಕರ್‌ಗಳು ಗಂಡ, ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಆ ಏಜೆಂಟ್ ನಿಮಗೆ ಇದನ್ನಾದರೂ ಹೇಳಿದ್ದರಾ?

ಒಂದು ವರ್ಷ ಕೇರರ್ ಆಗಿದ್ದರೆ ನರ್ಸ್ ಆಗಬಹುದು ಅನ್ನುವ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಜನ ನಂಬುತ್ತಾರೆ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಅಂದರೆ ಎನ್‌ಎಂಸಿ. 2023ರಲ್ಲಿ ಅದು ಒಂದು ನಿಯಮ ತಂದಿತು. ಇಂಗ್ಲಿಷ್ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ತಪ್ಪಿದವರು, ಅಥವಾ ನರ್ಸಿಂಗನ್ನು ಇಂಗ್ಲಿಷಿನಲ್ಲಿ ಓದಿದವರು, ಬ್ರಿಟನ್ನಿನಲ್ಲೇ ಆರೋಗ್ಯ ಅಥವಾ ಕೇರ್ ಕ್ಷೇತ್ರದಲ್ಲಿ ಒಂದು ವರ್ಷ ಕೆಲಸ ಮಾಡಿದ್ದರೆ, ಮೇಲಧಿಕಾರಿಯಿಂದ ಇಂಗ್ಲಿಷ್ ಬಗ್ಗೆ ಪತ್ರ ತಂದುಕೊಡಬಹುದು. ಅಷ್ಟೇ ವಿನಾಯಿತಿ. ಉಳಿದ ಎರಡು ಪರೀಕ್ಷೆ, ಒಂದು ಕಂಪ್ಯೂಟರಿನಲ್ಲಿ ಬರೆಯುವುದು, ಇನ್ನೊಂದು ಪ್ರಾಯೋಗಿಕ, ಹಾಗೇ ಇವೆ. ಏಜೆಂಟರು ಇದನ್ನೇ ಹಿಗ್ಗಿಸಿ "ತಾನಾಗೇ ನರ್ಸ್" ಅಂತ ಮಾಡಿಬಿಟ್ಟರು. ಈಗ ಕೇರ್ ವೀಸಾದ ಬಾಗಿಲೇ ಮುಚ್ಚಿರುವಾಗ ಆ ವಿನಾಯಿತಿ ನಿಮ್ಮ ಕೈಗೆ ಸಿಗುವುದಿಲ್ಲ. ಯಾರೋ ಸುಳ್ಳು ಕಾಗದ ಹಾಕಿ ಅರ್ಜಿ ಕಳಿಸಿ ಸಿಕ್ಕಿಬಿದ್ದರೆ 10 ವರ್ಷ ಬ್ರಿಟನ್ನಿಗೆ ಕಾಲಿಡುವಂತಿಲ್ಲ. ಶಿಕ್ಷೆ ಬೀಳುವುದು ಏಜೆಂಟರಿಗಲ್ಲ, ನಿಮ್ಮ ಪಾಸ್‌ಪೋರ್ಟಿಗೆ.

ಇನ್ನು ಹಣದ ಮಾತು. ಭಾರತದ ಕಾನೂನಿನಲ್ಲಿ ವಿದೇಶಿ ಕೆಲಸಕ್ಕೆ ಜನ ಕಳಿಸುವವರಿಗೆ 1983ರ ವಲಸೆ ಕಾಯ್ದೆಯಡಿ ಲೈಸೆನ್ಸ್ ಇರಲೇಬೇಕು. ಲೈಸೆನ್ಸ್ ಇದ್ದವರೂ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಜಿಎಸ್‌ಟಿ ಸೇರಿ 35,400. ಬ್ರಿಟನ್ನಿನ ನೇಮಕಾತಿ ಸಂಹಿತೆ ಇನ್ನೂ ಬಿಗಿ, ಕೆಲಸ ಕೊಡಿಸಿದ್ದಕ್ಕೆ ನರ್ಸಿನಿಂದ ಏನನ್ನೂ ಪಡೆಯಬಾರದು. ಅಂದಮೇಲೆ 8 ಲಕ್ಷ ಎಲ್ಲಿಂದ ಬಂತು? ಲೈಸೆನ್ಸ್ ಇದೆಯಾ ಇಲ್ಲವಾ ಅನ್ನುವುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ನೋಂದಾಯಿತ ಏಜೆಂಟರ ಪಟ್ಟಿ ಅಲ್ಲಿದೆ. ಗೋಡೆ ಮೇಲೆ ಲಂಡನ್ ಗಡಿಯಾರದ ಫೋಟೋ, ಟೇಬಲ್ ಮೇಲೆ ನಾಲ್ಕು ದೇಶದ ಬಾವುಟ ಇದ್ದರೆ ಅದು ಲೈಸೆನ್ಸ್ ಅಲ್ಲ. ನಮ್ಮ ಕಡೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಕೋಚಿಂಗ್, ಸ್ಟೂಡೆಂಟ್ ವೀಸಾ, ನರ್ಸ್ ಕೆಲಸ ಎಲ್ಲವನ್ನೂ ಒಂದೇ ಕೌಂಟರಿನಲ್ಲಿ ಕೊಡುವ ಅಂಗಡಿಗಳು ಜಾಸ್ತಿಯಾಗಿವೆ. ಕೋಚಿಂಗ್ ಕೊಡಲು ಈ ಲೈಸೆನ್ಸ್ ಬೇಡ. ಕೆಲಸಕ್ಕೆ ಕಳಿಸಲು ಬೇಕು.

ಇಷ್ಟು ಹೇಳಿ ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನೀವು ನರ್ಸ್. ಹೋಗುವುದಾದರೆ ನರ್ಸ್ ಆಗಿ ಹೋಗಿ. ವೀಸಾ ಯಾವುದು, ಯಾವ ಏಜೆಂಟ್ ಅನ್ನುವುದೆಲ್ಲ ಆಮೇಲಿನ ಮಾತು. ಆ ದೇಶದ ನರ್ಸಿಂಗ್ ಕೌನ್ಸಿಲ್ ನಿಮ್ಮನ್ನು ನರ್ಸ್ ಅಂತ ಒಪ್ಪುತ್ತದಾ, ಅದನ್ನು ಮೊದಲು ನೋಡಬೇಕು. ಅದು ಒಪ್ಪಿದರೆ ಕೆಲಸ ಹುಡುಕಲು ದಾರಿ ಇರುತ್ತದೆ. ಒಪ್ಪದಿದ್ದರೆ ಯಾವ ಏಜೆಂಟರಿಂದಲೂ ಆಗುವುದಿಲ್ಲ.

ಜಿಎನ್‌ಎಂಗೆ ಬೆಲೆ ಇಲ್ಲ ಅನ್ನುವುದು ಅರ್ಧ ಸತ್ಯ. ಬ್ರಿಟನ್ನಿನ ಎನ್‌ಎಂಸಿ ಕೇಳುವುದು, ನಿಮ್ಮ ದೇಶದಲ್ಲಿ ನೀವು ನೋಂದಾಯಿತ ನರ್ಸ್ ಹೌದಾ ಅಂತ. ಜಿಎನ್‌ಎಂ ಮಾಡಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಇದ್ದರೆ ಅರ್ಜಿ ಹಾಕಬಹುದು. ಅಲ್ಲಿ ಈಗ ವೀಸಾಗೆ ಡಿಗ್ರಿ ಮಟ್ಟದ ಕೆಲಸವೇ ಆಗಬೇಕು ಅಂತ ನಿಯಮ ಬಂದಿದೆ, ನಿಜ. ಆದರೆ ಡಿಗ್ರಿ ಮಟ್ಟ ಅಂತ ನೋಡುವುದು ಕೆಲಸವನ್ನು, ನಿಮ್ಮ ಸರ್ಟಿಫಿಕೇಟನ್ನಲ್ಲ. ನರ್ಸ್ ಕೆಲಸ ಆ ಪಟ್ಟಿಯಲ್ಲಿದೆ. ಜರ್ಮನಿಯಲ್ಲಂತೂ ಅವರ ಸ್ವಂತ ಮಕ್ಕಳೇ ನರ್ಸಿಂಗನ್ನು ಹೆಚ್ಚಾಗಿ ಮೂರು ವರ್ಷದ ವೃತ್ತಿ ತರಬೇತಿಯಾಗಿ ಕಲಿಯುತ್ತಾರೆ. ಅವರಿಗೆ ಜಿಎನ್‌ಎಂ ವಿಚಿತ್ರವಾಗಿ ಕಾಣುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲೂ ಜಿಎನ್‌ಎಂ ಮೇಲೆ ಎನ್‌ಕ್ಲೆಕ್ಸ್ ಅನ್ನುವ ಅಲ್ಲಿನ ನರ್ಸ್ ಲೈಸೆನ್ಸ್ ಪರೀಕ್ಷೆ ಬರೆಯಲು ಬಿಡುತ್ತಾರೆ.

ವ್ಯತ್ಯಾಸ ಬರುವುದು ಎಲ್ಲಿ? ಸೌದಿಯಲ್ಲಿ ಬಿಎಸ್ಸಿ ಆದವರಿಗೆ ಸ್ಪೆಷಲಿಸ್ಟ್ ದರ್ಜೆ, ಡಿಪ್ಲೊಮಾದವರಿಗೆ ಟೆಕ್ನಿಷಿಯನ್ ದರ್ಜೆ. ಕೆಲಸ ಹೆಚ್ಚುಕಡಿಮೆ ಒಂದೇ, ಸಂಬಳ ಬೇರೆ. ಆಸ್ಟ್ರೇಲಿಯಾಗೆ ಬ್ಯಾಚುಲರ್ ಮಟ್ಟದ ಓದು ಬೇಕು, ಅಲ್ಲಿ ಬರೀ ಜಿಎನ್‌ಎಂ ಸಾಲುವುದಿಲ್ಲ. ಹಾಗಾಗಿ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬೇಕಾ ಅನ್ನುವುದು ಎಲ್ಲಿಗೆ ಹೋಗುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಜರ್ಮನಿಗಾಗಿ ಆ ಎರಡು ವರ್ಷ ಕಳೆಯುವುದು ದಂಡ. ಅದೇ ಎರಡು ವರ್ಷದಲ್ಲಿ ಭಾಷೆ ಕಲಿತು ಅಲ್ಲಿ ಕೆಲಸಕ್ಕೇ ಸೇರಿರಬಹುದು. ಇಲ್ಲೇ ಇದ್ದು ಟ್ಯೂಟರ್ ಆಗಬೇಕು, ಮುಂದೆ ಎಂಎಸ್ಸಿ ಮಾಡಬೇಕು ಅಂತಿದ್ದರೆ ಖಂಡಿತ ಮಾಡಿ. ಅದು ಬೇರೆ ಲೆಕ್ಕ.

ದೇಶ ಆರಿಸುವ ಮುಂಚೆ ನಿಮ್ಮ ಕಾಗದಗಳನ್ನು ನೋಡೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಮ್ಮ ಜಿಲ್ಲೆಗಳ ನರ್ಸ್‌ಗಳು ಪರೀಕ್ಷೆಯಲ್ಲಿ ಫೇಲ್ ಆಗಿ ನಿಲ್ಲುವುದಕ್ಕಿಂತ ಕಾಗದದಲ್ಲಿ ಸಿಕ್ಕಿಕೊಂಡು ನಿಲ್ಲುವುದೇ ಹೆಚ್ಚು.

ಹೆಸರಿನ ಸಮಸ್ಯೆ ನಿಮ್ಮೊಬ್ಬರದಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ "ಶಿಲ್ಪ ಟಿ." ಅಂತ ಇರುತ್ತದೆ. ಆ ಟಿ ಅಪ್ಪನ ಹೆಸರೋ ಊರಿನ ಹೆಸರೋ ಯಾರಿಗೂ ಗೊತ್ತಿಲ್ಲ. ಜಿಎನ್‌ಎಂ ಬೋರ್ಡಿನ ಸರ್ಟಿಫಿಕೇಟಿನಲ್ಲಿ ಇನಿಷಿಯಲ್ ಮುಂದೆ ಬಂದು "ಟಿ. ಶಿಲ್ಪ" ಆಗಿರುತ್ತದೆ, ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಒಂದು ಎಚ್ ಜಾಸ್ತಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು ಅಂತ ಕೇಳುತ್ತದೆ. ಆ ಹೊತ್ತಿಗೆ ಮದುವೆ ಆಗಿರುತ್ತದೆ. ಸೈಬರ್ ಸೆಂಟರಿನ ಹುಡುಗ ಸರ್‌ನೇಮ್ ಜಾಗದಲ್ಲಿ ಗಂಡನ ಹೆಸರು ತುಂಬಿಬಿಡುತ್ತಾನೆ. ಅಲ್ಲಿಗೆ ಒಬ್ಬಳೇ ಹೆಣ್ಣುಮಗಳು ಮೂರು ಜನ ಆದಳು. ನಮ್ಮೂರಲ್ಲಿ ಇದು ಯಾರಿಗೂ ತೊಂದರೆ ಅನ್ನಿಸುವುದಿಲ್ಲ. ದುಬೈನಲ್ಲೋ ಲಂಡನ್ನಿನಲ್ಲೋ ಕೂತು ಪರಿಶೀಲನೆ ಮಾಡುವವರಿಗೆ ಮಾತ್ರ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳು.

ನನ್ನ ಸಲಹೆ ಇದು. ಹತ್ತನೇ ತರಗತಿ ಮಾರ್ಕ್ಸ್ ಕಾರ್ಡಿನ ಹೆಸರನ್ನೇ ಮೂಲ ಅಂತ ಹಿಡಿಯಿರಿ. ಅದಕ್ಕೆ ಹತ್ತಿರ ಬರುವ ಹಾಗೆ ಪಾಸ್‌ಪೋರ್ಟನ್ನು ತಿದ್ದಿಸಿ ರೀ-ಇಶ್ಯೂ ಮಾಡಿಸಿ. 36 ಪುಟದ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1,500 ರೂಪಾಯಿ. ಓದಿದ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ತಿದ್ದಿಸುವುದಕ್ಕಿಂತ ಒಂದು ಪಾಸ್‌ಪೋರ್ಟ್ ತಿದ್ದಿಸುವುದು ಸುಲಭ. ಮದುವೆ ಆದ ಮಾತ್ರಕ್ಕೆ ಗಂಡನ ಹೆಸರು ಸೇರಿಸಿಕೊಳ್ಳಲೇಬೇಕು ಅಂತ ಯಾವ ಕಾನೂನೂ ಇಲ್ಲ. ಸಂಗಾತಿಯ ಹೆಸರಿಗೆ ಪಾಸ್‌ಪೋರ್ಟಿನಲ್ಲಿ ಬೇರೆಯೇ ಜಾಗ ಇದೆ. ಉಳಿದ ಸಣ್ಣಪುಟ್ಟ ವ್ಯತ್ಯಾಸಕ್ಕೆ, ಈ ಎಲ್ಲಾ ಹೆಸರೂ ಒಬ್ಬಳದೇ ಅನ್ನುವ ಅಫಿಡವಿಟ್ ಮಾಡಿಸಿ ಜೊತೆಗಿಟ್ಟುಕೊಳ್ಳಿ. ಹೆಸರು ಸರಿಯಾಗುವ ಮುಂಚೆ ಯಾವ ಇಂಗ್ಲಿಷ್ ಪರೀಕ್ಷೆಗೂ ಬುಕ್ ಮಾಡಬೇಡಿ. ಅದರ ಅಂಕಪಟ್ಟಿಯೂ ಪಾಸ್‌ಪೋರ್ಟಿನ ಹೆಸರಲ್ಲೇ ಬರುತ್ತದೆ. ಆಮೇಲೆ ಪಾಸ್‌ಪೋರ್ಟ್ ಬದಲಿಸಿದರೆ ಇನ್ನೊಂದು ಗಂಟು.

ಎರಡನೆಯದು ಕೌನ್ಸಿಲ್ ನೋಂದಣಿ. ಜಿಎನ್‌ಎಂ ಮುಗಿದಾಗ ಒಮ್ಮೆ ಆರ್‌ಎನ್, ಆರ್‌ಎಂ ಅಂದರೆ ನರ್ಸ್ ಮತ್ತು ಸೂಲಗಿತ್ತಿ ನೋಂದಣಿಯ ನಂಬರ್ ತೆಗೆದುಕೊಂಡು ಬೀರುವಿನಲ್ಲಿ ಇಟ್ಟವರೇ ಹೆಚ್ಚು. ಅದನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನಿಮ್ಮದು ಚಾಲ್ತಿಯಲ್ಲಿದೆಯಾ ನೋಡಿ. ಭಾರತೀಯ ನರ್ಸಿಂಗ್ ಕೌನ್ಸಿಲಿನ ರಾಷ್ಟ್ರೀಯ ನೋಂದಣಿಯಲ್ಲಿ ನಿಮ್ಮ ಎನ್‌ಯುಐಡಿ ನಂಬರ್ ಬಂದಿದೆಯಾ ಅದನ್ನೂ ನೋಡಿ. ಹೊರದೇಶದ ಕೌನ್ಸಿಲ್ ನಿಮ್ಮ ಬಗ್ಗೆ ಕೇಳುವುದು ನಿಮ್ಮನ್ನಲ್ಲ, ಬೆಂಗಳೂರಿನ ಕೌನ್ಸಿಲನ್ನು. ಅಲ್ಲಿಂದ, ಇವರ ಮೇಲೆ ದೂರಿಲ್ಲ ಅನ್ನುವ ಗುಡ್ ಸ್ಟ್ಯಾಂಡಿಂಗ್ ಪತ್ರವೋ ಪರಿಶೀಲನಾ ಉತ್ತರವೋ ಹೋಗಬೇಕು. ಕಾಲೇಜಿನಿಂದ ಟ್ರಾನ್ಸ್‌ಕ್ರಿಪ್ಟ್ ಕೂಡ ಈಗಲೇ ತೆಗೆಸಿಡಿ. ಯಾವ ವಿಷಯ ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ವಾರ್ಡ್ ಅನ್ನುವ ಲೆಕ್ಕ ಅದರಲ್ಲಿರಬೇಕು. ಜರ್ಮನಿಯವರು ಇದನ್ನೇ ಮುಂದಿಟ್ಟುಕೊಂಡು ತೂಗುತ್ತಾರೆ.

ಮೂರನೆಯದು ಅನುಭವದ ಪತ್ರ. ನಮ್ಮ ನರ್ಸಿಂಗ್ ಹೋಂಗಳು ಕೊಡುವ ಪತ್ರ ಹೇಗಿರುತ್ತದೆ ಗೊತ್ತಲ್ಲ? "ಇವರು ನಮ್ಮಲ್ಲಿ ಕೆಲಸ ಮಾಡಿರುತ್ತಾರೆ, ನಡತೆ ಉತ್ತಮವಾಗಿದೆ, ಮುಂದಿನ ಭವಿಷ್ಯಕ್ಕೆ ಶುಭ ಹಾರೈಸುತ್ತೇವೆ." ನಡತೆ ಯಾರೂ ಕೇಳಿಲ್ಲ. ಸೇರಿದ ದಿನ, ಬಿಟ್ಟ ದಿನ, ಹುದ್ದೆ ಸ್ಟಾಫ್ ನರ್ಸ್ ಅನ್ನುವ ಮಾತು, ಯಾವ ವಿಭಾಗ, ಆಸ್ಪತ್ರೆಗೆ ಎಷ್ಟು ಹಾಸಿಗೆ, ವಾರಕ್ಕೆ ಎಷ್ಟು ಗಂಟೆ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ, ಆಸ್ಪತ್ರೆಯ ಸ್ವಂತ ಇಮೇಲ್, ಇಷ್ಟು ಬೇಕು. ಗಲ್ಫ್ ದೇಶಗಳಿಗೆ ಡೇಟಾಫ್ಲೋ ಅನ್ನುವ ಸಂಸ್ಥೆ ನಿಮ್ಮ ಪ್ರತಿ ಕಾಗದವನ್ನೂ ಅದನ್ನು ಕೊಟ್ಟವರ ಹತ್ತಿರವೇ ಕೇಳಿ ಖಚಿತ ಮಾಡಿಕೊಳ್ಳುತ್ತದೆ. ಅವರು ಆಸ್ಪತ್ರೆಗೆ ಮೇಲ್ ಹಾಕುತ್ತಾರೆ. ಆ ಮೇಲ್ ತೆರೆದು ನೋಡುವವರು ಅಲ್ಲಿ ಇಲ್ಲದಿದ್ದರೆ, ಅಥವಾ ನಿಮಗೆ ಪತ್ರ ಕೊಟ್ಟ ಮ್ಯಾನೇಜರ್ ಬಿಟ್ಟುಹೋಗಿದ್ದರೆ, ನಿಮ್ಮ ನಾಲ್ಕು ವರ್ಷದ ಐಸಿಯು ಕೆಲಸ ಖಚಿತವಾಗಲಿಲ್ಲ ಅಂತ ವರದಿ ಬರುತ್ತದೆ. ಆದ್ದರಿಂದ ಹಳೆಯ ಆಸ್ಪತ್ರೆಗೆ ಒಮ್ಮೆ ಖುದ್ದು ಹೋಗಿ, ಎಚ್‌ಆರ್‌ನಲ್ಲಿ ಈಗ ಇರುವವರನ್ನು ಮಾತಾಡಿಸಿ, ಹೀಗೊಂದು ಮೇಲ್ ಬರಬಹುದು ಅಂತ ಹೇಳಿ ಬನ್ನಿ. ಸಂಬಳ ಕೈಗೆ ಕೊಡುತ್ತಿದ್ದರಾ, ಬ್ಯಾಂಕಿಗೆ ಹಾಕುತ್ತಿದ್ದರಾ? ಬ್ಯಾಂಕಿಗಾದರೆ ಸ್ಟೇಟ್‌ಮೆಂಟ್ ತೆಗೆಸಿ. ಪಿಎಫ್, ಇಎಸ್‌ಐ ಇದ್ದರೆ ಆ ದಾಖಲೆ ಬಂಗಾರ. ಇಲ್ಲದ ಅನುಭವ ಬರೆಸಿಕೊಡುತ್ತೇವೆ ಅಂತ ಹೇಳುವವರು ಸಿಗುತ್ತಾರೆ. ಅದರ ತಂಟೆಗೆ ಹೋಗಬೇಡಿ. ಒಮ್ಮೆ ನಕಲಿ ಅಂತ ದಾಖಲಾದರೆ ಅದು ನಿಮ್ಮ ಹಿಂದೆಯೇ ಬರುತ್ತದೆ.

ನಿಮ್ಮ ಎರಡು ವರ್ಷದ ಗ್ಯಾಪ್ ಬಗ್ಗೆ ನೀವು ಚಿಂತೆ ಮಾಡಿರುವುದು ಪತ್ರದಲ್ಲೇ ಕಾಣುತ್ತದೆ. ಅದನ್ನು ಮುಚ್ಚಿಡಬೇಡಿ. ಹೆರಿಗೆ, ಮಗುವಿನ ಪಾಲನೆ ಅಂತ ನೇರವಾಗಿ ಬರೆಯಿರಿ. ಗಲ್ಫ್ ಕಡೆ ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತಾರೆ, ಉದ್ದದ ಗ್ಯಾಪ್ ಇದ್ದರೆ ತಕರಾರು ತೆಗೆಯುತ್ತಾರೆ. ನೀವು ಮತ್ತೆ ಕೆಲಸಕ್ಕೆ ಸೇರಿದ್ದು ಒಳ್ಳೆಯದಾಯಿತು. ಸಾಧ್ಯವಾದರೆ ನರ್ಸಿಂಗ್ ಹೋಂನಿಂದ ಸ್ವಲ್ಪ ದೊಡ್ಡ ಆಸ್ಪತ್ರೆಗೆ ಬದಲಾಯಿಸಿ, ಮತ್ತೆ ಐಸಿಯುಗೇ ಹೋಗಿ. ಸಂಬಳ ಅಷ್ಟೇ ಇದ್ದರೂ ಪರವಾಗಿಲ್ಲ.

ಈಗ ದೇಶಗಳು. ಅಮೆರಿಕವನ್ನು ಬೇಗ ಮುಗಿಸುತ್ತೇನೆ. ಎನ್‌ಕ್ಲೆಕ್ಸ್ ಕಷ್ಟದ ಪರೀಕ್ಷೆ, ಆದರೆ ಓದಿದರೆ ಪಾಸಾಗುವಂಥದ್ದು. 85ರಿಂದ 150 ಪ್ರಶ್ನೆ, ಐದು ಗಂಟೆ, ಬೆಂಗಳೂರಿನಲ್ಲೇ ಬರೆಯಬಹುದು. ಕಷ್ಟ ಇರುವುದು ಗ್ರೀನ್ ಕಾರ್ಡ್ ಸಾಲಿನಲ್ಲಿ. ನರ್ಸ್‌ಗಳು ಹೋಗುವ ಇಬಿ-3 ವರ್ಗದಲ್ಲಿ ಭಾರತೀಯರ ಸರದಿ 2025ರ ಕೊನೆಯ ಹೊತ್ತಿಗೆ 2013ರಲ್ಲಿ ಅರ್ಜಿ ಹಾಕಿದವರ ಹತ್ತಿರ ನಿಂತಿತ್ತು. ನಿಮ್ಮ ಮಗು ಕಾಲೇಜಿಗೆ ಹೋಗುವ ಹೊತ್ತಿಗೆ ನಿಮ್ಮ ಸರದಿ ಬರಬಹುದು. ಅದನ್ನೇ ನಂಬಿ ಕೂರುವ ಪ್ಲಾನ್ ಬೇಡ.

ಬ್ರಿಟನ್. ನರ್ಸ್ ಆಗಿ ಹೋಗುವ ದಾರಿ ತೆರೆದೇ ಇದೆ. ಇಂಗ್ಲಿಷಿಗೆ ಐಇಎಲ್‌ಟಿಎಸ್ ಅಕಾಡೆಮಿಕ್ ಆದರೆ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬರಬೇಕು. ಒಇಟಿ ಅನ್ನುವ, ಆರೋಗ್ಯ ಕೆಲಸದವರಿಗೇ ಇರುವ ಇಂಗ್ಲಿಷ್ ಪರೀಕ್ಷೆ ಆದರೆ ಮೂರರಲ್ಲಿ ಬಿ ಗ್ರೇಡ್, ಬರವಣಿಗೆಯಲ್ಲಿ ಸಿ ಪ್ಲಸ್. ಕನ್ನಡ ಮೀಡಿಯಮ್ಮಿನಿಂದ ಬಂದವರಿಗೆ ನಾನು ಯಾವಾಗಲೂ ಒಇಟಿ ಹೇಳುತ್ತೇನೆ. ಐಇಎಲ್‌ಟಿಎಸ್‌ನಲ್ಲಿ ನಗರ ಸಾರಿಗೆ ಬಗ್ಗೆಯೋ ಪುರಾತನ ಮಡಕೆಗಳ ಬಗ್ಗೆಯೋ ಬರೆಯಬೇಕಾಗಬಹುದು. ಒಇಟಿಯಲ್ಲಿ ಬರೆಯುವುದು ರೋಗಿಯನ್ನು ಡಿಸ್ಚಾರ್ಜ್ ಮಾಡುವಾಗಿನ ಪತ್ರ. ಕೇಸ್ ಶೀಟ್ ಕೊಡುತ್ತಾರೆ, ಅದರಲ್ಲಿ ಬೇಕಾದ್ದು ಆರಿಸಿ ಬರೆಯಬೇಕು. ನೀವು ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಹ್ಯಾಂಡೋವರ್ ಕೊಡುವಾಗ ಮಾಡುವ ಕೆಲಸವೇ ಅದು. ಮಾತಿನ ಪರೀಕ್ಷೆಯಲ್ಲೂ ಎದುರಿಗಿರುವವರು ರೋಗಿಯ ಪಾತ್ರ ಮಾಡುತ್ತಾರೆ.

ಅದಾದಮೇಲೆ ಕಂಪ್ಯೂಟರ್ ಪರೀಕ್ಷೆ ಸಿಬಿಟಿ. ಅದನ್ನು ಇಲ್ಲೇ ಬರೆಯಬಹುದು. ಆಮೇಲೆ ಬ್ರಿಟನ್ನಿಗೆ ಹೋಗಿ ಓಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ, ಒಟ್ಟು 10 ಸ್ಟೇಷನ್. ಬ್ಯಾಂಡ್ ಅಂದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ಸಂಬಳದ ದರ್ಜೆ. ಓಸ್ಕಿ ಪಾಸಾಗುವವರೆಗೆ ಕೆಳಗಿನ ಬ್ಯಾಂಡಿನ ಸಂಬಳ, ಆಮೇಲೆ ಬ್ಯಾಂಡ್ 5. ಇಂಗ್ಲೆಂಡಿನಲ್ಲಿ 2025-26ಕ್ಕೆ ಬ್ಯಾಂಡ್ 5ರ ಆರಂಭ ವರ್ಷಕ್ಕೆ 31,049 ಪೌಂಡ್. ನರ್ಸ್ ವೀಸಾದಲ್ಲಿ ಗಂಡ, ಮಗು ಜೊತೆಗೆ ಹೋಗಬಹುದು, ಆರೋಗ್ಯ ಸರ್‌ಚಾರ್ಜ್ ಕೂಡ ಕಟ್ಟಬೇಕಿಲ್ಲ.

ಎಲ್ಲಾ ಚೆನ್ನಾಗಿದೆ ಅಲ್ವಾ? ತೊಂದರೆ ಏನೆಂದರೆ, ಕೆಲವು ವರ್ಷಗಳ ಹಿಂದೆ ಇದ್ದ ನೂಕುನುಗ್ಗಲಿನ ನೇಮಕಾತಿ ಈಗಿಲ್ಲ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ಹೊರದೇಶದ ನೇಮಕಾತಿಯನ್ನು ತುಂಬಾ ಕಡಿಮೆ ಮಾಡಿವೆ. ಅವರದೇ ಹೊಸ ನರ್ಸ್‌ಗಳು ಕೆಲಸ ಸಿಗುತ್ತಿಲ್ಲ ಅಂತ ದೂರುತ್ತಿದ್ದಾರೆ. ಅಂದರೆ ಅರ್ಹತೆ ಇರುತ್ತದೆ, ಕರೆ ಬರುವುದು ತಡವಾಗಬಹುದು. ಐಸಿಯು ಅನುಭವ ಇರುವವರಿಗೆ ಇನ್ನೂ ಅವಕಾಶ ಇದೆ, ಆದರೆ ಅದೊಂದನ್ನೇ ನೆಚ್ಚಿಕೊಂಡು ಕೆಲಸ ಬಿಡಬೇಡಿ.

ಗಲ್ಫ್ ಎಲ್ಲಕ್ಕಿಂತ ಬೇಗ ಆಗುವ ದಾರಿ. ಡೇಟಾಫ್ಲೋ, ಆಮೇಲೆ ಪ್ರೊಮೆಟ್ರಿಕ್ ಅನ್ನುವ ಕಂಪ್ಯೂಟರ್ ಪರೀಕ್ಷೆ, ಆಮೇಲೆ ಲೈಸೆನ್ಸ್. ಇಂಗ್ಲಿಷಿನ ಹೊರೆ ಕಡಿಮೆ. ಉಳಿತಾಯ ಚೆನ್ನಾಗಿ ಆಗುತ್ತದೆ. ಆದರೆ ಅಲ್ಲಿ ಖಾಯಂ ಆಗಿ ನೆಲೆಸುವ ಮಾತು ಸಾಮಾನ್ಯವಾಗಿ ಇಲ್ಲ, ಕಾಂಟ್ರ್ಯಾಕ್ಟ್ ಮುಗಿದ ಮೇಲೆ ವಾಪಸ್. ಜಿಎನ್‌ಎಂನವರಿಗೆ ದರ್ಜೆಯ ತೊಂದರೆ ಆಗಲೇ ಹೇಳಿದೆ. ಇನ್ನೊಂದು ನೆನಪಿಡಿ. 2015ರಿಂದ ಸೌದಿ, ಕುವೈತ್, ಯುಎಇ, ಕತಾರ್ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ, ಪಾಸ್‌ಪೋರ್ಟ್ ಯಾವ ಬಗೆಯದಿದ್ದರೂ, ವಲಸೆ ಅನುಮತಿ ಕಡ್ಡಾಯ. ಅದು ಇ-ಮೈಗ್ರೇಟ್ ಮೂಲಕವೇ ಆಗಬೇಕು. "ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳೋಣ" ಅಂದರೆ ಆ ರಕ್ಷಣೆಯಿಂದ ನೀವೇ ಹೊರಗೆ ಬಂದ ಹಾಗೆ. ಸರಿಯಾದ ದಾರಿಯಲ್ಲಿ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆ ಇರುತ್ತದೆ, ಎರಡು ವರ್ಷಕ್ಕೆ ಕಂತು 275 ರೂಪಾಯಿ.

ಉಳಿದದ್ದು ಜರ್ಮನಿ. ನಿಮ್ಮ ಗೆಳತಿ ಹೇಳಿದ್ದು ಸರಿ ಅಂತಲೇ ನನಗೂ ಅನ್ನಿಸುತ್ತದೆ. ಆದರೆ ಅವಳು ಕೇರಳದವಳು ಅನ್ನುವುದನ್ನು ಮರೆಯಬೇಡಿ. ಕೇರಳದಲ್ಲಿ ನೋರ್ಕಾ ಅನ್ನುವ ಸರ್ಕಾರಿ ಸಂಸ್ಥೆ ಇದೆ. ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆಯ ಜೊತೆ 2021ರಲ್ಲಿ ಒಪ್ಪಂದ ಮಾಡಿಕೊಂಡು, ಟ್ರಿಪಲ್ ವಿನ್ ಅನ್ನುವ ಯೋಜನೆಯಲ್ಲಿ ಅವರು ನರ್ಸ್‌ಗಳಿಗೆ ಭಾಷೆ ಕಲಿಸಿ ಕಳಿಸುತ್ತಿದ್ದಾರೆ. ನಮ್ಮಲ್ಲಿ ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಯಾವುದೇ ಏಜೆಂಟರ ಮೆಟ್ಟಿಲು ಹತ್ತುವ ಮುಂಚೆ ಅಲ್ಲಿ ಹೆಸರು ನೋಂದಾಯಿಸಿ, ಈಗ ಯಾವ ಬ್ಯಾಚ್ ನಡೆಯುತ್ತಿದೆ ಕೇಳಿ. ನಮ್ಮ ಕಡೆಯ ನರ್ಸ್‌ಗಳಲ್ಲಿ ಎಷ್ಟೋ ಜನಕ್ಕೆ ಹೀಗೊಂದು ಕಚೇರಿ ಇದೆ ಅಂತಲೇ ಗೊತ್ತಿಲ್ಲ. ಇದು ನಿಮ್ಮ ತಪ್ಪಲ್ಲ, ಹೇಳುವವರ ತಪ್ಪು.

ಜರ್ಮನಿಯ ಬೆಲೆ ಹಣ ಅಲ್ಲ, ಭಾಷೆ. ನರ್ಸ್ ಅಂತ ಪೂರ್ತಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟ ಬೇಕು. ಎ1, ಎ2, ಬಿ1, ಬಿ2 ಅಂತ ಮೆಟ್ಟಿಲು. ಪೂರ್ತಿ ಸಮಯ ಕೊಟ್ಟು ಓದಿದರೂ ಬಿ2 ತನಕ ಹೆಚ್ಚುಕಡಿಮೆ ಒಂದು ವರ್ಷ. ನೈಟ್ ಡ್ಯೂಟಿ, ಮಗು ಎರಡನ್ನೂ ಇಟ್ಟುಕೊಂಡು ಮಾಡುವವರಿಗೆ ಒಂದೂವರೆ ವರ್ಷ ಹಿಡಿಯಬಹುದು. ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಪರೀಕ್ಷೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬರೆಯಬಹುದು. ಆಮೇಲೆ ಜರ್ಮನಿಯ ಯಾವ ರಾಜ್ಯದಲ್ಲಿ ಕೆಲಸವೋ ಆ ರಾಜ್ಯದ ಕಚೇರಿ ನಿಮ್ಮ ಟ್ರಾನ್ಸ್‌ಕ್ರಿಪ್ಟ್ ನೋಡಿ, ಇಂಥಿಂಥದ್ದು ಕಡಿಮೆ ಇದೆ ಅಂತ ಒಂದು ಪತ್ರ ಕೊಡುತ್ತದೆ. ಅದನ್ನು ನೋಡಿ ಗಾಬರಿ ಬೀಳಬೇಡಿ. ನಮ್ಮವರಿಗೆ ಬಹುತೇಕ ಎಲ್ಲರಿಗೂ ಅದು ಬರುತ್ತದೆ. ಅದರ ಆಧಾರದ ಮೇಲೆ ವೀಸಾ ಸಿಗುತ್ತದೆ. ಅಲ್ಲಿ ಹೋಗಿ ಕೆಲವು ತಿಂಗಳ ಹೊಂದಾಣಿಕೆ ತರಬೇತಿ ಮಾಡಬೇಕು, ಇಲ್ಲವೇ ಬಾಯಿ ಮತ್ತು ಪ್ರಾಯೋಗಿಕ ಪರೀಕ್ಷೆ ಕೊಡಬೇಕು. ಅಲ್ಲಿಯವರೆಗೆ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ.

ಹಾಗಾದರೆ ಇದೂ ಕೇರರ್ ಕೆಲಸವೇ ಅಲ್ಲವಾ ಅಂತ ನೀವು ಕೇಳಬಹುದು. ಅಲ್ಲ. ಇಲ್ಲಿ ನಿಮ್ಮ ನರ್ಸ್ ಮಾನ್ಯತೆಯ ಅರ್ಜಿ ಮೊದಲೇ ಕಚೇರಿಯಲ್ಲಿದೆ, ಆ ಮಾನ್ಯತೆಗಾಗಿಯೇ ವೀಸಾ ಕೊಟ್ಟಿರುತ್ತಾರೆ.

ಕೆಲಸದ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಎಷ್ಟೋ ಏಜೆಂಟರು ಇದನ್ನು ಬಾಯಿ ಬಿಡುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರು ಇರುತ್ತಾರೆ. ಗಂಜಿ ಕುಡಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು ಅವರದು, ಇಲ್ಲವೇ ಆಯಾದು. ನಾವು ಇಂಜೆಕ್ಷನ್, ಡ್ರಿಪ್, ಚಾರ್ಟು. ಜರ್ಮನಿಯಲ್ಲಿ ವಾರ್ಡಿನಲ್ಲಿ ಮನೆಯವರು ಇರುವುದಿಲ್ಲ. 80 ದಾಟಿದ ರೋಗಿಯನ್ನು ಎಬ್ಬಿಸಿ, ಹಲ್ಲುಜ್ಜಿಸಿ, ಸ್ನಾನ ಮಾಡಿಸಿ, ತಿನ್ನಿಸಿ, ಮಗ್ಗುಲು ಬದಲಿಸುವುದು ನರ್ಸಿನದೇ ಕೆಲಸ. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಂಡವರಿಗೆ ಇದು ಕೀಳು ಅನ್ನಿಸಿ, ಮೂರು ತಿಂಗಳಿಗೆ ಅತ್ತುಕೊಂಡು ಫೋನ್ ಮಾಡುವವರಿದ್ದಾರೆ. ಅಲ್ಲಿನವರಿಗೆ ಅದು ಕೀಳಲ್ಲ, ನರ್ಸಿಂಗ್ ಅಂದರೇ ಅದು. ಈ ಮಾತು ನಿಮಗೆ ಹಿಡಿಸದಿದ್ದರೆ ಭಾಷೆಗೆ ಒಂದು ವರ್ಷ ಸುಮ್ನೆ ಹಾಕಬೇಡಿ, ಗಲ್ಫ್ ನೋಡಿ.

ಹಿಡಿಸಿದರೆ ಹೀಗೆ ಮಾಡಿ. ಕೆಲಸ ಬಿಡದೆ, ಯಾರಿಗೂ ದೊಡ್ಡ ಫೀಸ್ ಕಟ್ಟದೆ, ಎ1 ಒಂದನ್ನು ಆನ್‌ಲೈನಿನಲ್ಲಿ ಮುಗಿಸಿ. ನಿಮಗೆ ಆ ಭಾಷೆ ಹತ್ತುತ್ತದಾ, ಮನೆಯವರು ದಿನಕ್ಕೆ ಎರಡು ಗಂಟೆ ಮಗು ನೋಡಿಕೊಳ್ಳುತ್ತಾರಾ, ಎರಡೂ ಅಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೆ ವಲಸೆ ಕೇಂದ್ರದ ಬ್ಯಾಚ್, ಇಲ್ಲವೇ ಭಾಷೆಯ ಖರ್ಚನ್ನು ಆಸ್ಪತ್ರೆಯೇ ಹೊರುವ ಯೋಜನೆ ಹುಡುಕಿ. ಜರ್ಮನಿ ಸರ್ಕಾರ ನ್ಯಾಯವಾದ ನೇಮಕಾತಿಗೆ ಅಂತಲೇ ಒಂದು ಗುಣಮುದ್ರೆ ಕೊಡುತ್ತದೆ. ಆ ಮುದ್ರೆ ಇರುವ ಏಜೆನ್ಸಿ ನರ್ಸಿನಿಂದ ಹಣ ಕೇಳುವಂತಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಒಂದು ಸಾಲು ಹುಡುಕಿ ಓದಿ: ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್ ಕಟ್ಟಬೇಕು ಅಂತ. ಅದು ತಿಂಗಳು ಕಳೆದ ಹಾಗೆ ಕಡಿಮೆ ಆಗುತ್ತಾ ಹೋಗಬೇಕು. ಸಹಿ ಮಾಡಿದ ಖಾಲಿ ಚೆಕ್ ಕೇಳಿದರೆ ಎದ್ದು ಬನ್ನಿ.

ಮಗುವನ್ನು ಮೊದಲ ದಿನವೇ ಕರೆದುಕೊಂಡು ಹೋಗುವುದು ಕಷ್ಟ. ಸಾಮಾನ್ಯವಾಗಿ ಮೊದಲು ಒಬ್ಬರೇ ಹೋಗಿ, ಮಾನ್ಯತೆ ಬಂದು, ಮನೆ ಮಾಡಿಕೊಂಡು, ಆಮೇಲೆ ಮನೆಯವರನ್ನು ಕರೆಸಿಕೊಳ್ಳುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚು ಆಗಬಹುದು. ಇದನ್ನು ಗಂಡನ ಜೊತೆ, ಅತ್ತೆಯ ಜೊತೆ ಈಗಲೇ ಮಾತಾಡಿ, ವೀಸಾ ಬಂದ ಮೇಲಲ್ಲ. ವಯಸ್ಸು 31 ಅಂತ ಹೆದರಬೇಡಿ. ಅಲ್ಲಿ ವಯಸ್ಸಿನ ಹೆಚ್ಚುವರಿ ಷರತ್ತು ಬರುವುದು 45 ದಾಟಿದ ಮೇಲೆ.

ಕೊನೆಗೆ ಆ 50 ಸಾವಿರ. ಬರುತ್ತದೆ ಅಂತ ಗ್ಯಾರಂಟಿ ಕೊಡಲಾರೆ, ಆದರೆ ಕೇಳದೇ ಬಿಡಬೇಡಿ. ಫೋನಿನಲ್ಲಿ ಜಗಳ ಆಡಬೇಡಿ, ಬರಹದಲ್ಲಿ ಕೇಳಿ. ವಾಟ್ಸಾಪಿನಲ್ಲೇ ಸಾಕು. ನಿಮ್ಮ ಇ-ಮೈಗ್ರೇಟ್ ಲೈಸೆನ್ಸ್ ನಂಬರ್ ಕೊಡಿ, ಇಂಥ ದಿನ ಕೊಟ್ಟ ಹಣ ಇಂಥ ದಿನದೊಳಗೆ ವಾಪಸ್ ಮಾಡಿ ಅಂತ. ಯುಪಿಐನಲ್ಲಿ ಕಳಿಸಿದ್ದರೆ ಅದರ ದಾಖಲೆ, ಹಳೆಯ ಮೆಸೇಜುಗಳ ಸ್ಕ್ರೀನ್‌ಶಾಟ್, ಅವರ ಜಾಹೀರಾತಿನ ಫೋಟೋ ಎಲ್ಲಾ ತೆಗೆದಿಡಿ. ಅವರು ಚಾಟ್ ಅಳಿಸುವ ಮುಂಚೆ ಈ ಕೆಲಸ ಆಗಬೇಕು. ಲೈಸೆನ್ಸ್ ಇಲ್ಲದೆ ವಿದೇಶಕ್ಕೆ ಕೆಲಸಕ್ಕೆ ಕಳಿಸುವುದು ವಲಸೆ ಕಾಯ್ದೆಯಲ್ಲಿ ಅಪರಾಧ, ಎರಡು ವರ್ಷದವರೆಗೆ ಜೈಲು ಇದೆ. ಮೋಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಬೇರೆ. ಇ-ಮೈಗ್ರೇಟ್‌ನಲ್ಲಿ ದೂರು ಹಾಕಿ, ಅದರ ಪ್ರತಿ ಹಿಡಿದು ಆ ಕಚೇರಿ ಇರುವ ವ್ಯಾಪ್ತಿಯ ಪೊಲೀಸ್ ಠಾಣೆಗೆ ಹೋಗಿ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ನಿಮ್ಮ ಮೂಲ ಮಾರ್ಕ್ಸ್ ಕಾರ್ಡ್ ಅಥವಾ ಪಾಸ್‌ಪೋರ್ಟ್ ಏನಾದರೂ ಅವರ ಹತ್ತಿರ ಇದ್ದರೆ, ಹಣದ ಮಾತು ಎತ್ತುವ ಮುಂಚೆ ಅದನ್ನು ಕೈಗೆ ತೆಗೆದುಕೊಂಡು ಬನ್ನಿ.